ಮಷಿನ್ ಆಫ್ ಮಾಡಿದ್ರಿ, ನಲ್ಲಿ?

ನಿಲ್ಕುಂದದಿಂದ ಮಾತಾಡ್ತಿದ್ದೇನೆ. ಹಿಂದೆ ಮಳೆ ಸದ್ದು ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಇವತ್ತಿನ ವಿಷಯ ವಾಷಿಂಗ್ ಮಷಿನ್. ಯಾವುದು ತಗೋಬೇಕು ಅಂತಲ್ಲ, ಅದರಿಂದ ಮನೆಯೊಳಗೆ ನೀರು ನುಗ್ಗದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ.

ಕಳೆದ ಬೇಸಿಗೆಯಲ್ಲಿ ನಮ್ಮನೆಯಲ್ಲೇ ಆಗಿದ್ದು ಇದು. ಬಟ್ಟೆ ತೊಳೆದು, ಮಷಿನ್ ಆಫ್ ಮಾಡಿ, ಎಲ್ಲರೂ ಮದುವೆಗೆ ಹೋಗಿದ್ವಿ. ಸಂಜೆ ಬಂದು ಬಾಗಿಲು ತೆಗೆದ್ರೆ ಜಗಲಿವರೆಗೆ ನೀರು! ನಲ್ಲಿಯಿಂದ ಮಷಿನ್‌ಗೆ ಹೋಗೋ ಪೈಪ್ ಒಡೆದಿತ್ತು. ಪಕ್ಕದ ಕೋಣೆಯಲ್ಲಿದ್ದ ಚಾಲಿ ಅಡಿಕೆ ಚೀಲಗಳ ಕೆಳಗಿನ ಸಾಲು ಪೂರ್ತಿ ಒದ್ದೆ. ಮತ್ತೆ ಒಣಗಿಸಿದ್ವಿ, ಆದ್ರೆ ಬಣ್ಣ ಕೆಟ್ಟ ಅಡಿಕೆಗೆ ಶಿರಸಿ ಪೇಟೆಯಲ್ಲಿ ಒಳ್ಳೆ ದರ ಸಿಗಲಿಲ್ಲ. ಆಯಿ ಕೇಳಿದ್ದು ಒಂದೇ ಮಾತು: "ತಮಾ, ನಲ್ಲಿ ಬಂದ್ ಮಾಡಿದ್ಯಾ?"

ಮಾಡಿರಲಿಲ್ಲ.

ಮಷಿನ್ ಆಫ್ ಇತ್ತಲ್ಲ ಅಂತೀರಾ? ಸ್ವಿಚ್ ಆಫ್ ಮಾಡಿದಾಗ ಮುಚ್ಚಿರೋದು ಮಷಿನ್ ಒಳಗಿನ ವಾಲ್ವ್ ಮಾತ್ರ. ನಲ್ಲಿ ತೆರೆದೇ ಇದ್ರೆ ಹೊರಗಿನ ಪೈಪ್ ಹಗಲು ರಾತ್ರಿ ಒತ್ತಡ ಹೊತ್ತುಕೊಂಡೇ ಇರುತ್ತೆ.

ನಮ್ಮ ಕಡೆ ಇನ್ನೊಂದು ತೊಂದರೆ. ಪೇಟೆ ಮನೆಯಲ್ಲಿ 1000 ಲೀಟರ್ ಟ್ಯಾಂಕ್ ಖಾಲಿಯಾದ್ರೆ, ಪಂಪ್ ಹಾಕೋವರೆಗೆ ಸೋರೋದು ನಿಲ್ಲುತ್ತೆ. ನಮಗೆ ಗುಡ್ಡದ ಅಬ್ಬಿ ನೀರು ಪೈಪಲ್ಲಿ ನೇರ ಬರುತ್ತೆ. ನಿಮಿಷಕ್ಕೆ 10 ಲೀಟರ್ ಅಂತ ಹಿಡಿದ್ರೂ ಗಂಟೆಗೆ 600 ಲೀಟರ್. ನಿಲ್ಲಿಸೋರು ಯಾರೂ ಇಲ್ಲ! ಮೂಲ ಮನೆಗಿಂತ 30 ಮೀಟರ್ ಎತ್ತರದಲ್ಲಿದ್ರೆ, ನಲ್ಲಿ ಮುಚ್ಚಿರುವಾಗ ಒತ್ತಡ ಸುಮಾರು 3 ಬಾರ್. ನಿಮ್ಮ ಮಷಿನ್ ಎಷ್ಟು ತಡೆಯುತ್ತೆ ಅಂತ ಅದರ ಪುಸ್ತಕದಲ್ಲಿ ನೋಡಿ. ನಡುವೆ ಒಂದು ಸಣ್ಣ ಟ್ಯಾಂಕ್ ಇಟ್ಟು ಅಲ್ಲಿಂದ ನೀರು ಕೊಟ್ರೆ ಒತ್ತಡವೂ ಇಳಿಯುತ್ತೆ, ಕಸವೂ ತಳದಲ್ಲಿ ನಿಲ್ಲುತ್ತೆ.

ಈಗ ನೀವು ಮಾಡಬೇಕಾದ್ದು:

ತೊಳೆದು ಮುಗಿದ ತಕ್ಷಣ ನಲ್ಲಿ ಬಂದ್ ಮಾಡಿ.

ತಿಂಗಳಿಗೊಮ್ಮೆ ಪೈಪನ್ನು ಕೈಯಿಂದ ಸವರಿ ನೋಡಿ. ಉಬ್ಬು, ಬಿರುಕು, ಇಲಿ ಕಡಿದ ಗುರುತು ಇದ್ರೆ ಅವತ್ತೇ ಬದಲಿಸಿ. ಏನೂ ಕಾಣದಿದ್ರೂ ಐದು ವರ್ಷಕ್ಕೊಮ್ಮೆ ಹೊಸದು ಹಾಕಿ, ರಬ್ಬರ್ ವಾಷರ್ ಸಮೇತ.

ಮಷಿನನ್ನು ಗೋಡೆಗೆ ಒತ್ತಿ ಇಡಬೇಡಿ, ಪೈಪ್ ಮಡಚಿದ ಜಾಗದಲ್ಲೇ ಒಡೆಯೋದು ಜಾಸ್ತಿ.

ನೀರು ಹೊರಹೋಗೋ ಪೈಪನ್ನು ಮೋರಿ ಹತ್ತಿರ ಗಟ್ಟಿಯಾಗಿ ಕಟ್ಟಿ. ಇಲ್ಲದಿದ್ರೆ ನೀರಿನ ರಭಸಕ್ಕೆ ಅದು ಎಗರಿ ಹೊರಗೆ ಬೀಳುತ್ತೆ.

ಅಕಸ್ಮಾತ್ ನೀರು ತುಂಬಿದ್ರೆ ಒದ್ದೆ ನೆಲಕ್ಕೆ ಕಾಲಿಡೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಸ್ವಿಚ್ ಇರೋದೇ ನೀರಲ್ಲಿ ಅಂದ್ರೆ ಒಳಗೆ ಹೋಗಲೇಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ.

ಬಿಕಾಂ ಓದಿದವನ ಲೆಕ್ಕ ಇಷ್ಟೇ: ಹೊಸ ಪೈಪ್‌ಗೆ ಕೆಲವು ನೂರು ರೂಪಾಯಿ, ನಲ್ಲಿ ತಿರುಗಿಸೋಕೆ ಸೊನ್ನೆ. ಇದನ್ನ ಕೇಳ್ತಾ ಇರೋವಾಗಲೇ ಎದ್ದು ಹೋಗಿ ನಲ್ಲಿ ನೋಡಿ ಬನ್ನಿ. ಮುಂದಿನ ವಾರ ಸಿಗೋಣ.