ಗುಡ್ಡದ ಸವಕಳಿ

ಸಂಡೂರಿನ ಗಣಿಯೊಂದಕ್ಕೆ ಕೋಟಿ ರೂಪಾಯಿ ಕೊಟ್ಟು ಅಗೆಯುವ ಯಂತ್ರ ತಂದರು ಅಂದುಕೊಳ್ಳಿ. ಹತ್ತು ವರ್ಷ ದುಡಿದ ಮೇಲೆ ಅದು ಗುಜರಿಗೆ ಹೋಗುತ್ತದೆ. ಹಾಗಾಗಿ ಗಣಿಯ ಲೆಕ್ಕಿಗ ಪ್ರತಿವರ್ಷ ಹತ್ತು ಲಕ್ಷವನ್ನು ‘ಸವಕಳಿ’ ಎಂದು ಖರ್ಚಿನ ಬದಿಗೆ ಬರೆಯುತ್ತಾನೆ. ದೇಶದ ನಿವ್ವಳ ಉತ್ಪನ್ನ ಎಷ್ಟೆಂದು ಹೇಳುವ ಅಧಿಕಾರಿಗಳೂ ಮಾಡುವುದು ಇದನ್ನೇ: ಯಂತ್ರ, ಕಟ್ಟಡ, ರಸ್ತೆ ಸವೆದದ್ದನ್ನು ಕಳೆಯುತ್ತಾರೆ. ಆದರೆ ಆ ಯಂತ್ರ ಹತ್ತು ವರ್ಷದಲ್ಲಿ ಕರಗಿಸಿದ ಗುಡ್ಡದ ಸವಕಳಿ? ಅದಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ತೆಗೆದ ಅದಿರಿನ ಬೆಲೆಯಲ್ಲಿ ತೆಗೆಯುವ ಖರ್ಚು ಹೋಗಿ ಉಳಿದದ್ದೆಲ್ಲ ಉತ್ಪನ್ನ, ಅದೆಲ್ಲ ಬೆಳವಣಿಗೆ.

ನಮ್ಮ ಹಳ್ಳಿಗಳಲ್ಲಿ ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ. ನಾಲ್ಕೆಕರೆಯಲ್ಲಿ ಒಂದೆಕರೆ ಮಾರಿದವನು ಈ ವರ್ಷ ತನ್ನ ಆದಾಯ ಮೂರು ಪಟ್ಟಾಯಿತು ಎಂದು ಹೇಳಿಕೊಂಡು ತಿರುಗುವುದಿಲ್ಲ. ಆಸ್ತಿ ಹೋಯಿತು, ಬಂದ ದುಡ್ಡನ್ನು ಮಗಳ ಓದಿಗೋ ಬಾವಿಗೋ ಹಾಕಬೇಕು ಎಂಬ ಎಚ್ಚರ ಅವನಿಗಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಕೇಳಿಯೇ ಬೆಳೆದವರು ನಾವು. ಆ ಎಚ್ಚರ ಮನೆಯ ಜಮಾಖರ್ಚಿನಿಂದ ಸರ್ಕಾರದ ಜಮಾಖರ್ಚಿಗೆ ದಾಟಲೇ ಇಲ್ಲ.

ಹೊನ್ನಿನ ಮಾತು ಬಂತು, ಕೋಲಾರಕ್ಕೇ ಹೋಗೋಣ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಆ 120 ವರ್ಷಗಳಲ್ಲಿ ನೆಲದಡಿಯಿಂದ ಬಂದ ಚಿನ್ನ ಸುಮಾರು 800 ಟನ್. ಗಣಿ ಎಂದರೆ ತುಂಬಿದ ಕಣಜ, ಬೇಕಾದಾಗ ಬೇಕಾದಷ್ಟು ಮೊಗೆಯಬಹುದು ಎಂದು ಹೊರಗಿನವರಿಗೆ ಅನ್ನಿಸಬಹುದು. ಗಣಿ ಖಾಲಿಯಾಗುವ ಬಗೆ ಬೇರೆ. ಮೊದಲು ಕೈಗೆ ಸಿಗುವುದು ಮೇಲಿನ, ಸಮೃದ್ಧವಾದ ಅದಿರು. ಆರಂಭದ ದಶಕಗಳಲ್ಲಿ ಕೋಲಾರದ ಒಂದು ಟನ್ ಕಲ್ಲಿನಲ್ಲಿ ಹತ್ತಾರು ಗ್ರಾಂ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಮೂರು–ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಸುಡುತ್ತದೆ, ತಂಪು ಗಾಳಿಯನ್ನು ಮೇಲಿನಿಂದ ತಳ್ಳಬೇಕು, ನೀರು ಎತ್ತಬೇಕು. ಬಂಡೆ ಇದ್ದಕ್ಕಿದ್ದಂತೆ ಸಿಡಿದು ಕಾರ್ಮಿಕರ ಜೀವ ತೆಗೆಯುತ್ತದೆ. ಪ್ರತಿ ಗ್ರಾಮಿನ ಖರ್ಚು ಹೀಗೆ ಏರುತ್ತಲೇ ಹೋಯಿತು.

ಈ ಏರುವ ಖರ್ಚು ಯಾರ ಪಾಲಿಗೆ ಬಂತು ಎಂಬುದನ್ನು ನೋಡಿ. ಸಮೃದ್ಧ ಅದಿರಿನ ಕಾಲದ ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು, ಮೈಸೂರು ಸಂಸ್ಥಾನಕ್ಕೆ ದಕ್ಕಿದ್ದು ರಾಜಧನ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಾಗ, 1962ರಲ್ಲಿ ಅವು ಕೇಂದ್ರದ ಕೈಗೆ ಹೋದಾಗ, ಉಳಿದಿದ್ದು ಆಳದ, ಬಡಕಲು ಅದಿರು. ಕೆನೆ ಉಂಡವರು ಎದ್ದು ಹೋದ ಮೇಲೆ ಪಾತ್ರೆ ಉಜ್ಜುವ ಕೆಲಸ ನಮಗೆ ಬಂದಿತ್ತು. ಆ ಗಣಿಗಳನ್ನು ನಡೆಸಿದ ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ನಷ್ಟದಲ್ಲಿ ನಡೆಯಿತು ಎಂದು ಅಲ್ಲಿನ ಕಾರ್ಮಿಕರನ್ನು ದೂರುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಆ ನಷ್ಟದ ಬೇರು ಎಪ್ಪತ್ತು–ಎಂಬತ್ತು ವರ್ಷ ಹಿಂದಿನ ಲಾಭದಲ್ಲಿದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಆದರೂ ಕೋಲಾರದ ಚಿನ್ನ ಒಂದು ಒಳ್ಳೆಯ ಕೆಲಸ ಮಾಡಿಸಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ ಯೋಜನೆಗೆ ಬಲ ಬಂದಿದ್ದೇ ಗಣಿಗಳು ವಿದ್ಯುತ್ ಕೊಳ್ಳಲು ಒಪ್ಪಿದ್ದರಿಂದ. 1902ರಲ್ಲಿ ಕಾವೇರಿಯ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿ ತಲುಪಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಗಣಿ ಮುಚ್ಚಿ ಕಾಲು ಶತಮಾನವಾಯಿತು, ಶಿವನಸಮುದ್ರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಮುಗಿದುಹೋಗುವ ಆಸ್ತಿಯ ನೆರವಿನಿಂದ ಮುಗಿಯದ ಆಸ್ತಿಯೊಂದು ಎದ್ದು ನಿಂತಿತು. ಅರ್ಥಶಾಸ್ತ್ರಜ್ಞರು ಇದನ್ನು ಸೂತ್ರವಾಗಿ ಬರೆಯುವುದಕ್ಕೆ ಇನ್ನೂ ಎಷ್ಟೋ ದಶಕ ಬಾಕಿ ಇತ್ತು.

ಸೂತ್ರ ಬರೆದವರಲ್ಲಿ ಒಬ್ಬರು ವಿಶ್ವ ಬ್ಯಾಂಕಿನಲ್ಲಿದ್ದ ಈಜಿಪ್ಟಿನ ಸಲಾಹ್ ಎಲ್ ಸೆರಾಫಿ. 1980ರ ದಶಕದಲ್ಲಿ ಅವರು ಕೇಳಿದ ಪ್ರಶ್ನೆ ಸರಳ: ಖರ್ಚು ಕಳೆದು ಗಣಿಯಿಂದ ಒಂದು ರೂಪಾಯಿ ಕೈಗೆ ಬಂದರೆ, ಅದರಲ್ಲಿ ತಿನ್ನಬಹುದಾದದ್ದು ಎಷ್ಟು, ಎತ್ತಿಡಬೇಕಾದ ಅಸಲು ಎಷ್ಟು? ಎತ್ತಿಟ್ಟ ಹಣದ ಬಡ್ಡಿ, ಗಣಿ ಬರಿದಾದ ಮೇಲೂ ಅದೇ ಆದಾಯವನ್ನು ಶಾಶ್ವತವಾಗಿ ಕೊಡುವಂತಿರಬೇಕು. ಬಡ್ಡಿ ನೂರಕ್ಕೆ 5 ಎಂದು ಹಿಡಿದರೆ, 50 ವರ್ಷ ಬಾಳುವ ಗಣಿಯ ರೂಪಾಯಿಯಲ್ಲಿ 8 ಪೈಸೆ ಎತ್ತಿಟ್ಟರೆ ಸಾಕು. 20 ವರ್ಷದ ಗಣಿಯಾದರೆ 36 ಪೈಸೆ. ಹತ್ತೇ ವರ್ಷದ್ದಾದರೆ 58 ಪೈಸೆ. ಅವಸರದಲ್ಲಿ ತೋಡಿದಷ್ಟೂ ಹೆಚ್ಚು ಕೂಡಿಡಬೇಕು.

ಈ ಪೈಸೆಯ ಲೆಕ್ಕ ಹಿಡಿದುಕೊಂಡು ಬಳ್ಳಾರಿಗೆ ಹೋದರೆ ಎದೆ ಉರಿಯುತ್ತದೆ. 2003ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಅತ್ತ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಹಸಿವು. ಹೊಸಪೇಟೆ, ಸಂಡೂರಿನ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ಗಿಡದ ಎಲೆ, ಮನೆಯ ಗೋಡೆ, ದನದ ಮೈ ಎಲ್ಲ ಕೆಂಪು. ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಪಟ್ಟಾ ಜಮೀನಿನಲ್ಲೂ ಅದಿರು ತೋಡಿದರು. ಆ ಹೊಂಡಗಳು ಮತ್ತೆ ಹೊಲವಾಗಲಿಲ್ಲ. 2008ರ ಹೊತ್ತಿಗೆ ರಾಜ್ಯದ ಕಬ್ಬಿಣದ ಅದಿರು ವರ್ಷಕ್ಕೆ 4 ಕೋಟಿ ಟನ್ ದಾಟಿತ್ತು. ಟನ್ ಅದಿರು ಸಾವಿರಾರು ರೂಪಾಯಿಗೆ ಹಡಗು ಹತ್ತುತ್ತಿದ್ದ ಆ ದಿನಗಳಲ್ಲಿ ಒಡೆಯನಾದ ರಾಜ್ಯಕ್ಕೆ ಸಿಗುತ್ತಿದ್ದ ರಾಜಧನ ಉತ್ತಮ ದರ್ಜೆಯ ಗಟ್ಟಿ ಅದಿರಿಗೆ ಟನ್ನಿಗೆ 27 ರೂಪಾಯಿ, ಪುಡಿ ಅದಿರಿಗೆ ಅದಕ್ಕಿಂತಲೂ ಕಡಿಮೆ. 2009ರ ಆಗಸ್ಟಿನಲ್ಲಷ್ಟೇ ಅದು ಬೆಲೆಯ ಶೇಕಡಾ 10ಕ್ಕೆ ಬದಲಾಯಿತು. ಅಷ್ಟರಲ್ಲಿ ಗುಡ್ಡಗಳ ನೆತ್ತಿ ಹಾರಿಹೋಗಿತ್ತು.

ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2011ರ ವರದಿ 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಆ ವರದಿ ಈ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅದು ಅಕ್ರಮದ ಲೆಕ್ಕ. ಪರ್ಮಿಟ್ಟು, ರಸೀದಿ ಎಲ್ಲ ಸರಿಯಿದ್ದು ಹೋದ ಅದಿರಿನ ಲೆಕ್ಕ? ಸಾವಿರಾರು ರೂಪಾಯಿಯ ಮಾಲಿಗೆ 27 ರೂಪಾಯಿ ಪಡೆದು ಕಾನೂನುಬದ್ಧವಾಗಿ ಕಳೆದುಕೊಂಡದ್ದನ್ನು ಯಾವ ಆಯೋಗವೂ ಎಣಿಸಿಲ್ಲ. ನನ್ನ ಮಟ್ಟಿಗೆ ಬಳ್ಳಾರಿಯ ನಿಜವಾದ ನಷ್ಟ ಅಲ್ಲಿದೆ.

2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ ಒಟ್ಟು 50 ಲಕ್ಷ ಟನ್ ಎಂಬ ಮಿತಿಯೊಂದಿಗೆ ಮತ್ತೆ ಅನುಮತಿ ಕೊಟ್ಟಿತು. 2022ರಲ್ಲಿ ಆ ಮಿತಿ 3.5 ಕೋಟಿ ಮತ್ತು 1.5 ಕೋಟಿ ಟನ್ನಿಗೆ ಏರಿದೆ. ಮಿತಿ ಏರಿದರೆ ಗಣಿಯ ಆಯುಷ್ಯ ಇಳಿಯುತ್ತದೆ. ಆಯುಷ್ಯ ಇಳಿದರೆ ಎತ್ತಿಡುವ ಪಾಲು ಏರಬೇಕು. ಟನ್ನಿನ ಮಿತಿಯ ಬಗ್ಗೆ ನಡೆದ ವಾದದ ಹತ್ತರಲ್ಲೊಂದು ಪಾಲೂ ಈ ಪಾಲಿನ ಬಗ್ಗೆ ನಡೆಯಲಿಲ್ಲ.

ಗೋವಾ ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದೆ. 2014ರ ಏಪ್ರಿಲ್‌ನಲ್ಲಿ ಗೋವಾ ಫೌಂಡೇಷನ್ ಪ್ರಕರಣದ ತೀರ್ಪು ಅದಿರು ಮಾರಾಟದ ಶೇಕಡಾ 10ನ್ನು ಶಾಶ್ವತ ನಿಧಿಗೆ ಹಾಕಲು ಹೇಳಿತು, ಮುಂದಿನ ಪೀಳಿಗೆಗಳ ಹಕ್ಕನ್ನೂ ನೆನೆಯಿತು. ನಮ್ಮಲ್ಲಿರುವುದು 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಮತ್ತು ಕೋರ್ಟಿನ ಆದೇಶದ ಮೇಲೆ ಕೂಡಿದ ಗಣಿ ಪುನಶ್ಚೇತನದ ಹಣ. ಈ ಹಣದಿಂದ ಆಗಬೇಕಾದ ಕುಡಿಯುವ ನೀರು, ಶಾಲೆ, ಆಸ್ಪತ್ರೆ, ರಸ್ತೆ ಇವೆಲ್ಲ ದೂಳು ಕುಡಿದ ಜನಕ್ಕೆ ಸಲ್ಲಲೇಬೇಕಾದ ಪರಿಹಾರ. ಆದರೆ ಗಾಯಕ್ಕೆ ಹಚ್ಚುವ ಮುಲಾಮನ್ನು ಉಳಿತಾಯ ಅನ್ನಲಾಗದು. ರಾಜಧನವಂತೂ ಸಾಮಾನ್ಯ ಬೊಕ್ಕಸಕ್ಕೆ ಸೇರಿ, ಸಂಬಳ ಸಾರಿಗೆಯ ಜೊತೆ ಕರಗುತ್ತದೆ. ರಾಜಧನ ತೆರಿಗೆಯಲ್ಲ, ಖನಿಜ ತೆಗೆಯುವ ಹಕ್ಕಿಗಾಗಿ ಗುತ್ತಿಗೆದಾರ ಒಡೆಯನಿಗೆ ಕೊಡುವ ಪ್ರತಿಫಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈನಲ್ಲಿ ಬಹುಮತದಿಂದ ಹೇಳಿದೆ. ಬಜೆಟ್ ಪುಸ್ತಕದಲ್ಲಿ ಅದು ಇಂದಿಗೂ ವರ್ಷದ ಆದಾಯವಾಗಿಯೇ ಕೂತಿದೆ.

ಪುಸ್ತಕ ಬದಲಾಗುವ ಕಾಲ ಹತ್ತಿರವಿದೆ. 2025ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಹೊಸ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ, ನೈಸರ್ಗಿಕ ಸಂಪತ್ತು ಬರಿದಾಗುವುದನ್ನು ಉತ್ಪಾದನೆಯ ಖರ್ಚೆಂದೇ ಬರೆಯಬೇಕು. ಎಲ್ಲರೂ ಕಣ್ಣಿಟ್ಟು ನೋಡುವ ಜಿಡಿಪಿ ಇದರಿಂದ ಕದಲುವುದಿಲ್ಲ, ನಿವ್ವಳ ಉತ್ಪನ್ನ ಮಾತ್ರ ಇಳಿಯುತ್ತದೆ. ಆ ಇಳಿದ ಅಂಕಿಯನ್ನು ನಮ್ಮ ಪತ್ರಿಕೆಗಳು ಮೊದಲ ಪುಟದಲ್ಲಿ ಹಾಕಬೇಕೆಂಬುದು ನನ್ನ ಆಸೆ.

ಕೋಲಾರದಲ್ಲಿ ಉಳಿದಿರುವುದು ಸೈನೈಡ್ ದಿಬ್ಬಗಳು, ಸುಮಾರು 3.3 ಕೋಟಿ ಟನ್ ಅರೆದ ಕಲ್ಲಿನ ಪುಡಿ. ಗಾಳಿಕಾಲದಲ್ಲಿ ಅದು ಹಾರಿ ಮನೆಗಳೊಳಗೆ ಬರುತ್ತದೆ. ಅದನ್ನು ಮತ್ತೆ ಸೋಸಿದರೆ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆಯಾದರೂ ಚಿನ್ನ ಸಿಕ್ಕೀತು ಎಂದು ಕೇಂದ್ರ ಹೊರಟಿದೆ, 2024ರಲ್ಲಿ ರಾಜ್ಯ ಸಂಪುಟವೂ ಒಪ್ಪಿದೆ. ಆ ಚಿನ್ನ ಬಂದಾಗ ಅದೂ ಉತ್ಪನ್ನಕ್ಕೆ ಸೇರುತ್ತದೆ. ಅಷ್ಟರವರೆಗೆ, ಗಣಿ ಊರಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ಜಾವ ಹೊರಡುವ ರೈಲಿನಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬುತ್ತಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬೀದಿ ದೀಪ ಹೊತ್ತಿದ ಮೇಲೆ ಊರಿಗೆ ಮರಳುತ್ತಾರೆ.