ಬಂದೂಕಿಗೆ ರಾಜ್ಯದ ಗಡಿ ಗೊತ್ತಿಲ್ಲ

ಅಮೆರಿಕದಲ್ಲಿ ಎಂ.ಎಸ್. ಮಾಡುವ ಕನಸಿರುವ ನಮ್ಮಂಥವರು ಯೂನಿವರ್ಸಿಟಿಯ ರ‍್ಯಾಂಕಿಂಗ್ ನೋಡುತ್ತೇವೆ, ಫೀಸು, ರೂಮ್ ಬಾಡಿಗೆ ಲೆಕ್ಕ ಹಾಕುತ್ತೇವೆ. ಮನೆಯಲ್ಲಿ ಅಪ್ಪ, ಅಮ್ಮ ಕೇಳುವ ಪ್ರಶ್ನೆಯೇ ಬೇರೆ: ‘ಅಲ್ಲಿ ಗುಂಡು ಹಾರಿಸೋದು ಜಾಸ್ತಿ ಅಂತಾರಲ್ಲ?’ ಬಂದೂಕು ಕಾನೂನು ಬಿಗಿಯಾಗಿರುವ ರಾಜ್ಯ ನೋಡಿ ಸೇರಿದರಾಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಅಲ್ಲಿ ಒಂದು ರಾಜ್ಯದ ಕಾನೂನು ಎಷ್ಟು ಗಟ್ಟಿ ಎನ್ನುವುದನ್ನು ಪಕ್ಕದ ರಾಜ್ಯವೂ ನಿರ್ಧರಿಸುತ್ತದೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಅಮೆರಿಕದಲ್ಲಿ ಕೇಂದ್ರದ ಕಾನೂನು ಕನಿಷ್ಠ ನಿಯಮವಷ್ಟೇ, ಅದರ ಮೇಲೆ ಎಷ್ಟು ಬಿಗಿ ಮಾಡಬೇಕು ಎನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಶಿಕಾಗೊ ಇರುವ ಇಲಿನಾಯ್‌ನಲ್ಲಿ ಗನ್ ಇಟ್ಟುಕೊಳ್ಳಲು ರಾಜ್ಯ ಪೊಲೀಸರು ಕೊಡುವ ಕಾರ್ಡ್ ಬೇಕು. ನಗರಕ್ಕೆ ತಾಗಿಕೊಂಡೇ ಇರುವ ಇಂಡಿಯಾನಾದಲ್ಲಿ ಅಂಥ ಕಾರ್ಡ್ ಬೇಕಿಲ್ಲ.

ಗಡಿ ದಾಟುವ ಗನ್ನಿಗೆ ಕಡಿವಾಣ ಹಾಕುವ ಪ್ರಸ್ತಾವ ಹಳೆಯದು. 1963ರ ಆಗಸ್ಟ್‌ನಲ್ಲೇ ಸೆನೆಟರ್ ಥಾಮಸ್ ಡಾಡ್ ಅಂಚೆ ಮೂಲಕ ಪಿಸ್ತೂಲು ಮಾರುವುದನ್ನು ನಿಯಂತ್ರಿಸುವ ಮಸೂದೆ ಮಂಡಿಸಿದ್ದರು. ಮೂರು ತಿಂಗಳಲ್ಲಿ ಅಧ್ಯಕ್ಷ ಜಾನ್ ಕೆನಡಿ ಹತ್ಯೆಯಾಯಿತು. ಆ ರೈಫಲನ್ನು ಲೀ ಹಾರ್ವೆ ಆಸ್ವಾಲ್ಡ್ ಪತ್ರಿಕೆಯ ಜಾಹೀರಾತು ನೋಡಿ, ಸುಳ್ಳು ಹೆಸರು ಕೊಟ್ಟು, ಶಿಕಾಗೊದ ಅಂಗಡಿಯಿಂದ ಟೆಕ್ಸಾಸ್‌ನ ಡಲ್ಲಾಸ್‌ಗೆ ಅಂಚೆಯಲ್ಲಿ ತರಿಸಿಕೊಂಡಿದ್ದ. ಬೆಲೆ 19.95 ಡಾಲರ್, ಅಂಚೆ ವೆಚ್ಚ ಬೇರೆ. ಅಷ್ಟಾದರೂ ಮಸೂದೆ ಪಾಸಾಗಲಿಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆ, ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಗನ್ ಕಂಟ್ರೋಲ್ ಕಾಯ್ದೆಗೆ ಸಹಿ ಹಾಕಿದರು.

ಅದರ ಪ್ರಕಾರ ಹೊರರಾಜ್ಯದ ಅಂಗಡಿಯಲ್ಲಿ ಪಿಸ್ತೂಲು ಕೊಂಡು ನೇರವಾಗಿ ಮನೆಗೆ ತರುವಂತಿಲ್ಲ. ತಮ್ಮ ರಾಜ್ಯದ ಲೈಸೆನ್ಸ್ ಪಡೆದ ಡೀಲರ್ ಬಳಿಗೆ ತರಿಸಿಕೊಂಡು, ಅವರ ಕೈಯಿಂದಲೇ ಪಡೆಯಬೇಕು. ರೈಫಲ್‌ಗಳಿಗೆ ಮಾತ್ರ 1986ರಲ್ಲಿ ನಿಯಮ ಸಡಿಲವಾಯಿತು: ಎರಡೂ ರಾಜ್ಯಗಳ ಕಾನೂನು ಪಾಲಿಸಿದರೆ ಹೊರರಾಜ್ಯದ ಡೀಲರ್ ಬಳಿಯೂ ಕೊಳ್ಳಬಹುದು.

ಹಾಗಾದರೆ ಸೋರಿಕೆ ಎಲ್ಲಿ? ಬೇರೆಯವರಿಗಾಗಿ ಕೊಂಡುಕೊಡುವವರಲ್ಲಿ. 2021ರಲ್ಲಿ ಶಿಕಾಗೊದಲ್ಲಿ 29 ವರ್ಷದ ಪೊಲೀಸ್ ಅಧಿಕಾರಿಣಿಯೊಬ್ಬರನ್ನು ಕೊಂದ ಗನ್ ಬಂದದ್ದು ಇಂಡಿಯಾನಾದ ಹ್ಯಾಮಂಡ್ ಊರಿನ ಡೀಲರ್‌ನಿಂದ. ಕೊಂಡವನು ಅಲ್ಲಿಯವನೇ, ಹಾಗಾಗಿ ಗಡಿಯ ನಿಯಮ ಅಡ್ಡ ಬರಲಿಲ್ಲ. ಗನ್ ಕೊಳ್ಳುವ ಅರ್ಹತೆಯೇ ಇಲ್ಲದ ಪರಿಚಿತನಿಗಾಗಿ ಅವನು ಕೊಂಡಿದ್ದ. ಸಿಕ್ಕ ಶಿಕ್ಷೆ ಎರಡೂವರೆ ವರ್ಷ. ಅಪರಾಧ ಕೃತ್ಯಗಳಲ್ಲಿ ವಶಪಡಿಸಿಕೊಂಡ ಗನ್‌ಗಳಲ್ಲಿ ಶೇ 60ರಷ್ಟು ಹೊರರಾಜ್ಯದವು ಎಂದು ಶಿಕಾಗೊ ಆಡಳಿತದ 2017ರ ವರದಿ ಹೇಳಿತ್ತು. ಐದರಲ್ಲಿ ಒಂದು ಇಂಡಿಯಾನಾದ್ದೇ.

ವಿರೋಧಿಗಳ ವಾದವನ್ನೂ ಕೇಳಬೇಕು. ‘1998ರಿಂದ ದೇಶದ ಎಲ್ಲ ಡೀಲರ್‌ಗಳೂ ಕೊಳ್ಳುವವರ ಹಿನ್ನೆಲೆಯನ್ನು ಒಂದೇ ಕೇಂದ್ರ ವ್ಯವಸ್ಥೆಯಲ್ಲಿ ತಪಾಸಣೆ ಮಾಡಿಸುತ್ತಾರೆ. ಮತ್ತೆ ಸ್ವಂತ ರಾಜ್ಯದಲ್ಲೇ ಕೊಳ್ಳಬೇಕೆಂಬ ನಿಯಮ ಏಕೆ?’ ಎಂದು ಅವರು ಕೇಳುತ್ತಾರೆ. ಟೆಕ್ಸಾಸ್‌ನ ನ್ಯಾಯಾಲಯವೊಂದು 2015ರಲ್ಲಿ ಇದನ್ನು ಒಪ್ಪಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ರಾಜ್ಯದ ಕಾನೂನು ಅಲ್ಲಿನ ಡೀಲರ್‌ಗಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಆದ್ದರಿಂದ ನನಗೆ ನಿಯಮ ಸರಿ ಅನ್ನಿಸುತ್ತದೆ. ಆದರೆ ಅದೊಂದೇ ಸಾಲದು. ತಪಾಸಣೆ ಹಿಡಿಯುವುದು ಕೇಸು ಇರುವವರನ್ನು, ಬೇರೆಯವರಿಗಾಗಿ ಕೊಳ್ಳುವವನ ದಾಖಲೆ ಶುದ್ಧವಾಗಿಯೇ ಇರುತ್ತದೆ. ಡೀಲರ್ ಅಲ್ಲದವರು ತಮ್ಮ ಗನ್ ಮಾರುವಾಗ ಕೇಂದ್ರ ಕಾನೂನು ತಪಾಸಣೆಯನ್ನೇ ಕೇಳುವುದಿಲ್ಲ.

ಅಲ್ಲಿಯೂ ಹೆಜ್ಜೆಗಳು ಬಿದ್ದಿವೆ. ತಿಂಗಳಿಗೆ ಒಂದೇ ಪಿಸ್ತೂಲು ಎಂಬ ನಿಯಮವನ್ನು ವರ್ಜೀನಿಯಾ 1993ರಲ್ಲಿ ತಂದು, 2012ರಲ್ಲಿ ಕೈಬಿಟ್ಟು, 2020ರಲ್ಲಿ ಮತ್ತೆ ತಂದಿತು. 2022ರ ಕೇಂದ್ರ ಕಾಯ್ದೆ ಬೇರೆಯವರಿಗಾಗಿ ಗನ್ ಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವಾಗಿಸಿ, 15 ವರ್ಷದವರೆಗೆ ಜೈಲು ನಿಗದಿಪಡಿಸಿದೆ. ಖಾಸಗಿ ಮಾರಾಟದ ಬಾಗಿಲು ಮಾತ್ರ ಹಲವು ರಾಜ್ಯಗಳಲ್ಲಿ ತೆರೆದೇ ಇದೆ.

ಡಾಡ್ ಅವರ ಪ್ರಸ್ತಾವ ಕಾನೂನಾಗುವಷ್ಟರಲ್ಲಿ ಐದು ವರ್ಷ, ಮೂವರು ನಾಯಕರ ಜೀವ ಹೋಗಿತ್ತು. ಈಗ ಬಾಕಿ ಇರುವ ಈ ಬಾಗಿಲು ಮುಚ್ಚಲು ಇನ್ನೆಷ್ಟು ಜೀವ ಹೋಗಬೇಕು? ಅಲ್ಲಿ ಓದಲು ಹೊರಟವರು ನಾವೂ ಕೇಳಬೇಕಾದ ಪ್ರಶ್ನೆ ಇದು.