ಹಣ್ಣೆಲೆಯ ಹಾಡು

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂದು ನಮ್ಮಲ್ಲಿ ಗಾದೆಯುಂಟು. ಆದರೆ ಹಣ್ಣೆಲೆಯೇ ಚಿಗುರಿನ ಹಾಡನ್ನು ಹಾಡಹೊರಟರೆ? ರಾಕ್ ಸಂಗೀತ ಲೋಕಪ್ರಸಿದ್ಧವಾದದ್ದು ಹರೆಯದವರ ಹಾಡಾಗಿ. ಹಿರಿಯರ ಹುಬ್ಬುಗಂಟೇ ಅದಕ್ಕೆ ದೊರೆತ ಮೊದಲ ಬಿರುದು. ಅಂದು ಹಾಡಿದವರು ಅಜ್ಜಂದಿರಾದ ಮೇಲೂ ಹಾಡುತ್ತಲೇ ಇದ್ದರೆ ಅದು ಕಲೆಯೆ, ಅಥವಾ ವಯಸ್ಸನ್ನು ಒಪ್ಪಿಕೊಳ್ಳಲಾರದವರ ವೇಷವೆ? ಮಾರ್ಟಿನ್ ಸ್ಕಾರ್ಸೇಸೆ ನಿರ್ದೇಶಿಸಿದ ‘ಶೈನ್ ಎ ಲೈಟ್’ ಚಿತ್ರವನ್ನು ನೋಡುತ್ತಿದ್ದಷ್ಟು ಹೊತ್ತೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1962ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ರೋಲಿಂಗ್ ಸ್ಟೋನ್ಸ್ ತಂಡ 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಎರಡು ರಾತ್ರಿ ನಡೆಸಿದ ಕಚೇರಿಯೇ ಈ ಚಿತ್ರದ ವಸ್ತು. ಚಿತ್ರ ತೆರೆಗೆ ಬಂದದ್ದು 2008ರಲ್ಲಿ. ಅದೇ 2006ರಲ್ಲಿ ಬ್ರೆಜಿಲಿನ ಕೋಪಕಬಾನ ಕಡಲತೀರದಲ್ಲಿ ಜನಸಾಗರದ ಮುಂದೆ ಹಾಡಿದ್ದ ಈ ತಂಡವನ್ನು ಸ್ಕಾರ್ಸೇಸೆ ಬೇಕೆಂದೇ ಮೂರು ಸಾವಿರ ಜನವೂ ಹಿಡಿಸದ ಮಂದಿರದಲ್ಲಿ ಚಿತ್ರಿಸಿದರು. ದೂರದಿಂದ ಮುಪ್ಪು ಕಾಣದು. ಹತ್ತಿರ ಬಂದ ಕ್ಯಾಮೆರಾಕ್ಕೆ ದಾಕ್ಷಿಣ್ಯವಿಲ್ಲ. 63 ವರ್ಷದ ಮಿಕ್ ಜ್ಯಾಗರನ ಮುಖ ಉತ್ತ ಹೊಲದಂತಿದೆ. ಕಾಲುಗಳು ಮಾತ್ರ ಆ ಮುಖದ ಮಾತನ್ನು ಕೇಳುವುದಿಲ್ಲ.

ನಡುನಡುವೆ ಹಳೆಯ ಸಂದರ್ಶನಗಳ ತುಣುಕುಗಳು ಬರುತ್ತವೆ. ಅರವತ್ತರಲ್ಲಿಯೂ ಹೀಗೆಯೇ ಹಾಡುತ್ತಿರುವಿರಾ ಎಂದು 1972ರಲ್ಲಿ ಡಿಕ್ ಕ್ಯಾವೆಟ್ ಕೇಳಿದಾಗ, ಸಲೀಸಾಗಿ ಎನ್ನುತ್ತಾನೆ ತರುಣ ಜ್ಯಾಗರ್. ಆದರೆ ಆ ‘ಸಲೀಸು’ ಎಷ್ಟು ಸಲೀಸೆಂಬುದನ್ನು ತಿಳಿಸುವವನು ಚಾರ್ಲಿ ವಾಟ್ಸ್. 65ರ ಈ ಡ್ರಮ್ ವಾದಕ ಬಿರುಸಿನ ಹಾಡೊಂದನ್ನು ಮುಗಿಸಿ, ಕ್ಯಾಮೆರಾದತ್ತ ತಿರುಗಿ, ಉಸ್ಸೆಂದು ಉಸಿರು ಬಿಡುತ್ತಾನೆ. ವೇಷಧಾರಿ ತನ್ನ ದಣಿವನ್ನು ಹೀಗೆ ತೋರಿಸಿಕೊಳ್ಳುವನೆ? ಇವರು ಹರೆಯವನ್ನು ನಟಿಸುತ್ತಿಲ್ಲ, ದುಡಿಯುತ್ತಿದ್ದಾರೆ ಎಂಬುದು ಆ ಒಂದು ಉಸಿರಿನಿಂದ ನನಗೆ ಮನವರಿಕೆಯಾಯಿತು.

ಇನ್ನೂ ಮಿಗಿಲಾದ ಉತ್ತರ ಬಡಿ ಗೈ ವೇದಿಕೆಗೆ ಬಂದಾಗ ದೊರೆಯಿತು. ಷಿಕಾಗೋದ ಈ ಬ್ಲೂಸ್ ಗಾಯಕನಿಗೆ ಆಗ 70. ಹಾಡಿದ್ದು ಮಡ್ಡಿ ವಾಟರ್ಸನ ಒಂದು ಹಾಡು. ತಂಡಕ್ಕೆ ಹೆಸರು ದೊರೆತದ್ದೂ ಮಡ್ಡಿಯ 1950ರ ಹಾಡಿನಿಂದಲೇ. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಜ್ಯಾಗರನ ಕೈಯಲ್ಲಿ ಕೀತ್ ರಿಚರ್ಡ್ಸ್ ಕಂಡು ಬೆರಗಾದ ಧ್ವನಿಮುದ್ರಿಕೆಗಳಲ್ಲಿ ಮಡ್ಡಿಯದೂ ಇತ್ತು. ಗೈ ದನಿಯೆತ್ತಿದೊಡನೆ ಈ ಹಿರಿಯರೆಲ್ಲ ಒಮ್ಮೆಗೇ ಕಿರಿಯರಾಗುತ್ತಾರೆ. ಹಾಡು ಮುಗಿದಾಗ ರಿಚರ್ಡ್ಸ್ ತನ್ನ ಗಿಟಾರನ್ನೇ ಅವನ ಕೈಗಿಡುತ್ತಾನೆ.

ಅಮೆರಿಕದ ಕರಿಯ ಜನರ ನೋವು ನಲಿವಿನಿಂದ ಮೂಡಿದ ಬ್ಲೂಸ್‌ನಲ್ಲಿ ಗಾಯಕನ ವಯಸ್ಸನ್ನು ಯಾರೂ ಕೇಳುವುದಿಲ್ಲ. ಬಾಳಿ ಬೆಂದಷ್ಟೂ ದನಿಗೆ ಬೆಲೆ. ರೋಲಿಂಗ್ ಸ್ಟೋನ್ಸ್ ತಂಡದ ಹಾಡಿನ ಬೇರು ಅಲ್ಲಿದೆ. ಅದು ಹರೆಯದ ಸೊತ್ತೆಂದು ನಾವು ತಿಳಿದದ್ದು, ಹಾಡಿದವರು ಆಗ ಹರೆಯದವರಾಗಿದ್ದುದರಿಂದ ಮಾತ್ರ.

ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡ. 2023ರಲ್ಲಿ ಹೊರಬಂದ ತಂಡದ ಹೊಸ ಹಾಡುಗಳ ಸಂಪುಟದ ಕೊನೆಯಲ್ಲಿ, ಎಂಬತ್ತರ ಆಸುಪಾಸಿನ ಜ್ಯಾಗರ್ ಮತ್ತು ರಿಚರ್ಡ್ಸ್ ಇಬ್ಬರೇ ಕೂಡಿ ನುಡಿಸಿದ ಹಾಡೊಂದಿದೆ. ಅದು ಅವರಿಗೆ ಹೆಸರಿತ್ತ ಮಡ್ಡಿ ವಾಟರ್ಸನ ಆ ಹಾಡೇ.